ಇದರಾಗ ಏನೇನ ಐತಿ?

"ಮನ್ಯಾಗ ರೊಟ್ಟಿ ಇರಲಿಲ್ಲೇನು ನಿಮಗ?"

ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಉಂಡು ಬಂದ ಕಥೆಯನ್ನು ತುಬಚಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಹೇಳಿದಾಗ ಕೇಳಿದ ಗಂಡಸರೆಲ್ಲ ಆಡಿದ ಮಾತು ಇದು. ಆಡಿದ್ದಷ್ಟೇ ಅಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಯವರೆಗೆ ಹೋಟೆಲಿನವರ ಮೇಲಷ್ಟೇ ಇದ್ದ ನನ್ನ ಸಿಟ್ಟು ಆ ನಗು ಕೇಳಿ ಎರಡು ಪಾಲಾಯಿತು. ಅರ್ಧ ಹೋಟೆಲಿನವರಿಗೆ, ಅರ್ಧ ಕಟ್ಟೆಯವರಿಗೆ. ಇಷ್ಟು ವರ್ಷವಾದರೂ ಎರಡೂ ಪಾಲು ಇಳಿದಿಲ್ಲ.

ನಡೆದದ್ದು 2019ರ ಮಾರ್ಚಿನಲ್ಲಿ. ಬೆಂಗಳೂರಿನಲ್ಲಿ ನನ್ನ ಮಗಳ ನೌಕರಿ ಕಾಯಂ ಆಗಿತ್ತು. ಅಜ್ಜಿಗೆ ಊರು ತೋರಿಸಬೇಕು, ಎಲ್ಲರಿಗೂ ಒಂದು ಊಟ ಹಾಕಿಸಬೇಕು ಎಂದು ಅವಳ ಹಟ. ಅವ್ವ, ಅಣ್ಣ, ವೈನಿ, ನಾನು, ಮಗಳು ಹೀಗೆ ಐದು ಜನ ಹೊರಟೆವು. ಮಗಳು ಆರಿಸಿದ್ದು ಒಂದು ಕಾಂಟಿನೆಂಟಲ್ ಹೋಟೆಲು. ಹೆಸರು ಬೇಡ. ಅಂಥವು ಈಗ ಊರಿಗೆ ಹತ್ತಿವೆ, ಹುಬ್ಬಳ್ಳಿ ಬೆಳಗಾವಿಯವರೆಗೂ ಬಂದಿವೆ. ಒಂದರ ಮಾತು ಉಳಿದವಕ್ಕೂ ಸಲ್ಲುತ್ತದೆ.

ಮೊದಲು ಅವರ ಒಳ್ಳೆಯದನ್ನೇ ಹೇಳುತ್ತೇನೆ, ಏಕೆಂದರೆ ಅದು ನಿಜ. ಒಳಗೆ ತಂಪಾಗಿತ್ತು, ಗದ್ದಲವಿರಲಿಲ್ಲ. ಬಡಿಸುವ ಹುಡುಗ ಕುರ್ಚಿ ಸರಿಸಿ ಅವ್ವನನ್ನು ಕೂಡ್ರಿಸಿದ. ಸೂಪು ಬಂದಾಗ ಮೊದಲ ಬಟ್ಟಲು ಅವ್ವನ ಮುಂದೆ ಇಟ್ಟ, ಎರಡನೆಯದು ವೈನಿಯ ಮುಂದೆ, ಆಮೇಲೆ ನನಗೆ, ಮಗಳಿಗೆ. ಅಣ್ಣನದು ಎಲ್ಲರಿಗಿಂತ ಕೊನೆಗೆ ಬಂತು. ಹೆಂಗಸರಿಗೆ ಮೊದಲು ಬಡಿಸುವುದು ಆ ಕಡೆಯ ಪದ್ಧತಿಯಂತೆ. ಅವ್ವ ಗಾಬರಿಯಾಗಿ, "ಏ ತಮ್ಮಾ, ಅವಂಗ ಮೊದಲು ಕೊಡೋ" ಎಂದು ಬಟ್ಟಲನ್ನು ಅಣ್ಣನ ಕಡೆ ದೂಡಿದಳು. ಅವಳಿಗೆ ಆಗ ಎಪ್ಪತ್ತಾರು. ಆ ಎಪ್ಪತ್ತಾರು ವರ್ಷಗಳಲ್ಲಿ ಮನೆಯ ಗಂಡಸರಿಗಿಂತ ಮೊದಲು, ಅದೂ ಹಬೆಯಾಡುವ ಬಿಸಿ, ಅವಳ ಮುಂದೆ ಬಂದದ್ದು ಅದೇ ಮೊದಲು. ಹಲ್ಲಿಲ್ಲದ ಅವ್ವ ಆ ಸೂಪನ್ನು ಕೊನೆಯ ಹನಿಯವರೆಗೆ ಕುಡಿದಳು. ಬೆಣ್ಣೆ ಹಾಕಿ ನಾದಿದ ಬಟಾಟಿಯನ್ನೂ ಮೆಚ್ಚಿದಳು.

ಇನ್ನು ಉಳಿದವರ ಅನುಭವ. ವೈನಿಗೆ ಪಾಸ್ತಾ ಬಂತು. ಒಂದು ತುತ್ತು ಬಾಯಿಗಿಟ್ಟು ನನ್ನ ಕಿವಿಯಲ್ಲಿ "ಕುದ್ದಿಲ್ಲ, ನಡು ಹಸಿ ಐತಿ" ಎಂದಳು. ನಾನು ಹುಡುಗನನ್ನು ಕರೆದು ಹೇಳಿದೆ. ಅವನು ತುಟಿಯಂಚಿನಲ್ಲಿ ನಕ್ಕು, "ಇದು ಹೀಗೇ ಇರೋದು ಮೇಡಂ" ಎಂದು ಹೋದ. ಅವನ ಮಾತು ಸುಳ್ಳಲ್ಲ. ಇಟಲಿಯವರು ಪಾಸ್ತಾವನ್ನು ಪೂರ್ತಿ ಮೆತ್ತಗೆ ಬೇಯಿಸುವುದಿಲ್ಲ. ಕಚ್ಚಿದಾಗ ಹಲ್ಲಿಗೆ ಸಿಗಬೇಕು ಎಂಬುದು ಅವರ ಹದ. ಅದಕ್ಕೆ 'ಅಲ್ ದೆಂತೆ' ಎನ್ನುತ್ತಾರೆ, 'ಹಲ್ಲಿಗೆ' ಎಂದೇ ಅದರ ಅರ್ಥ. ಇದನ್ನು ನಾನು ಆಮೇಲೆ ತಿಳಿದುಕೊಂಡೆ. ಅವನು ಇಷ್ಟೇ ಹೇಳಿದ್ದರೆ ವೈನಿ ಕುತೂಹಲದಿಂದ ಉಣ್ಣುತ್ತಿದ್ದಳು. ಹೇಳಲಿಲ್ಲವಾದ್ದರಿಂದ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ಉಂಡಳು.

ಅಣ್ಣನಿಗೆ ರಿಸೊಟ್ಟೊ, ಅಂದರೆ ಬೆಣ್ಣೆ ಚೀಸ್ ಹಾಕಿದ ಮೆತ್ತನೆಯ ಅನ್ನ, ಬಹಳ ಸೇರಿತು. "ಇನ್ನೊಂದೀಟು ಹಾಕ್ರಿ" ಎಂದ. ಇನ್ನೊಂದೀಟು ಹಾಕುವ ಪದ್ಧತಿ ಅಲ್ಲಿಲ್ಲ, ಬೇಕಾದರೆ ಇನ್ನೊಂದು ಪ್ಲೇಟಿನ ದುಡ್ಡು. ನನಗೆ ಬಂದದ್ದು ತರಕಾರಿ ಒ ಗ್ರಾತಾಂ. ಮೈದಾವನ್ನು ಬೆಣ್ಣೆಯಲ್ಲಿ ಹುರಿದು, ಹಾಲು ಹಾಕಿ ಕುದಿಸಿದ ಬಿಳಿ ಸಾಸು, ಅದರೊಳಗೆ ಬೆಂದ ತರಕಾರಿ, ಮೇಲೆ ಕೆಂಪಗೆ ಕಂದಿಸಿದ ಚೀಸ್. ಒಗ್ಗರಣೆಯ ನೀರಿಗೆ ಕಡಲೆಹಿಟ್ಟು ಹಾಕಿ ತಿರುವಿದರೆ ನಮ್ಮ ಜುಣಕವಾಗುವಂತೆ ಇದು ಅವರ ಜುಣಕ. ಚೆನ್ನಾಗಿಯೇ ಇತ್ತು. ಮಗಳಿಗಂತೂ ಎಲ್ಲವೂ ಇಷ್ಟವಾಯಿತು, ಅವಳ ಮೆಚ್ಚುಗೆಯಲ್ಲಿ ಸೋಗು ಇರಲಿಲ್ಲ.

ಹಾಗಾದರೆ ತಕರಾರು ಏನು? ಎರಡು ಪ್ರಶ್ನೆ ಕೇಳಿದ್ದೆ, ಅದೇ ತಕರಾರಿನ ಬೇರು. ನಾವು ಶುದ್ಧ ಸಸ್ಯಾಹಾರಿಗಳೆಂದು ಮಗಳು ಬಂದ ಕೂಡಲೇ ಹೇಳಿದ್ದಳು. ಆದರೂ ಒ ಗ್ರಾತಾಂ ಬಂದಾಗ ನಾನು ಚೀಸ್ ತೋರಿಸಿ, "ಇದರಾಗ ಏನೇನ ಐತಿ?" ಎಂದೆ. ಹುಡುಗ, "ಮೇಡಂ, ಇದು ಇಂಪೋರ್ಟೆಡ್ ಚೀಸ್" ಎಂದ. ಪರದೇಶದಿಂದ ಬಂದದ್ದೆಂದ ಮೇಲೆ ಕೇಳುವುದೇನು ಉಳಿಯಿತು ಎಂಬ ಧಾಟಿ. ಕೊನೆಗೆ ಸಿಹಿ ಬಂದಾಗ, "ಇದರಲ್ಲಿ ಮೊಟ್ಟೆ ಇದೆಯೇ?" ಎಂದೆ. "ಇಲ್ಲ ಮೇಡಂ, ಮೊಟ್ಟೆ ಇಲ್ಲ" ಎಂದ. ಆ ಸಿಹಿಯ ಹೆಸರು ಪನ್ನಾ ಕೋಟಾ. ಕೆನೆಯಲ್ಲಿ ಸಕ್ಕರೆ ಹಾಕಿ ಹೆಪ್ಪುಗಟ್ಟಿಸಿದ್ದು. ಅವ್ವ ತನ್ನದನ್ನು ಮುಗಿಸಿ ನನ್ನದರಲ್ಲೂ ಅರ್ಧ ತಿಂದಳು.

ಮರುವಾರ ಮಗಳ ಗೆಳತಿಯೊಬ್ಬಳು ಮಾತಿಗೆ ಮಾತು ಬಂದು ಹೇಳಿದ್ದು: ಪನ್ನಾ ಕೋಟಾ ಹೆಪ್ಪುಗಟ್ಟುವುದು ಸಾಮಾನ್ಯವಾಗಿ ಜೆಲಟಿನ್‌ನಿಂದ, ಜೆಲಟಿನ್ ಮಾಡುವುದು ದನ ಹಂದಿಗಳ ಚರ್ಮ ಎಲುಬುಗಳಿಂದ. ಮಗಳು ಹೋಟೆಲಿಗೆ ಫೋನ್ ಮಾಡಿ ಕೇಳಿದಳು. ಹೌದು, ಜೆಲಟಿನ್ ಹಾಕುತ್ತೇವೆ ಎಂದರು. ಮೊಟ್ಟೆ ಇರಲಿಲ್ಲ ಎಂಬುದೂ ನಿಜವೇ! ನಾನು ಕೇಳಬೇಕಾದ ಪ್ರಶ್ನೆ ನನಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ಚೀಸಿನ ಕಥೆಯೂ ಅಷ್ಟೆ. ನಮ್ಮ ದೇಶದ ಕಾರ್ಖಾನೆಗಳು ಚೀಸ್‌ಗೆ ಹಾಲು ಒಡೆಸಲು ಹೆಚ್ಚಾಗಿ ಸೂಕ್ಷ್ಮಜೀವಿಗಳಿಂದ ತೆಗೆದ ರೆನೆಟ್ ಬಳಸುತ್ತವೆ. ಆದರೆ ಇಟಲಿಯ ಅಸಲಿ ಪಾರ್ಮೆಸಾನ್‌ಗೆ ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟೇ ಆಗಬೇಕು. ಅಂದು ನಾನು ಉಂಡದ್ದು ಯಾವುದೋ, ಇಂಪೋರ್ಟೆಡ್ ಎಂಬುದಷ್ಟೇ ನನಗೆ ತಿಳಿದದ್ದು.

ನನ್ನ ಮಟ್ಟಿಗೆ ಅದನ್ನು ನುಂಗಿಕೊಂಡೇನು. ಅವ್ವ ಹಾಗಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸದೆ ಹನಿ ನೀರು ಬಾಯಿಗಿಡದವಳು. ಊರಿಗೆ ಬಂದ ಮೇಲೂ ಆ "ಬೆಳ್ಳನ್ನ ಸಿಹಿ"ಯ ವರ್ಣನೆ ಅವಳ ಬಾಯಲ್ಲಿ. ಬಂದವರಿಗೆಲ್ಲ ಹೇಳುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ಸೆರಗಿನ ಅಂಚು ತಿರುವುತ್ತಿದ್ದೆ. ಹೇಳಿದರೆ ಅವಳ ಜೀವ ಒಪ್ಪುತ್ತಿರಲಿಲ್ಲ, ಹೇಳದಿದ್ದರೆ ನನ್ನದು ಒಪ್ಪುತ್ತಿರಲಿಲ್ಲ. ಹೇಳಲಿಲ್ಲ. ಅವ್ವ ಈಗ ಇಲ್ಲ, ಆದ್ದರಿಂದಲೇ ಇದನ್ನು ಬರೆಯುವ ಧೈರ್ಯ ಬಂತು.

ಇದು ಬರೀ ಮಡಿ ಮೈಲಿಗೆಯ ಮಾತೆಂದು ತಿಳಿಯಬೇಡಿ. ಶೇಂಗಾ ಒಗ್ಗದ ಮಗುವಿನ ತಾಯಿ, ಸಕ್ಕರೆ ಕಾಯಿಲೆಯವಳು, ಹಲಾಲ್ ಹೌದೋ ಅಲ್ಲವೋ ತಿಳಿಯಬೇಕಾದ ನಮ್ಮ ಮುಸ್ಲಿಂ ಗೆಳತಿ, ಇವರೆಲ್ಲ ಕೇಳುವುದು ಇದೇ ಪ್ರಶ್ನೆ. ಮಾಂಸ ಉಣ್ಣುವವರ ಬಗ್ಗೆಯೂ ನನ್ನದೇನೂ ಮಾತಿಲ್ಲ, ಅವರವರ ಊಟ ಅವರವರದು. ಹತ್ತು ರೂಪಾಯಿಯ ಬಿಸ್ಕಿಟ್ ಪುಡಿಕೆಯ ಮೇಲೆ ಹಸಿರು ಚುಕ್ಕಿ ಕಡ್ಡಾಯ, ಒಳಗೇನಿದೆ ಎಂಬ ಪಟ್ಟಿ ಕಡ್ಡಾಯ. ಸಾವಿರ ರೂಪಾಯಿಯ ತಾಟಿನ ಬಗ್ಗೆ ಕೇಳಿದರೆ ಮಾತ್ರ ನಾವು ಹಳ್ಳಿಯವರಾಗುತ್ತೇವೆ! ಜೆಲಟಿನ್ ಬದಲು ಚೈನಾ ಗ್ರಾಸ್ ಹಾಕಿದರೂ ಕೆನೆ ಹೆಪ್ಪುಗಟ್ಟುತ್ತದೆ, ಇದು ನಿಮಗೆಲ್ಲ ಗೊತ್ತಿರುವುದೇ. ಅದನ್ನೇ ಹಾಕಿ ಎಂದು ನಾನು ಹಟ ಹಿಡಿಯುವುದಿಲ್ಲ. ಹಾಕಿದ್ದೇನೆಂದು ಹೇಳಿ, ಅಷ್ಟೇ.

ಬಡಿಸುವ ಹುಡುಗನ ಮೇಲೂ ನನಗೆ ಸಿಟ್ಟಿಲ್ಲ. ಅವನೂ ಯಾವುದೋ ಊರು ಬಿಟ್ಟು ಬಂದವನು, ಆ ಹೆಸರುಗಳನ್ನು ಬಾಯಿಪಾಠ ಮಾಡಿದವನು. ಅವನಿಗೆ ಹೆಸರು ಕಲಿಸಿದವರು ಅರ್ಥ ಕಲಿಸಲಿಲ್ಲ. ಸಿಟ್ಟು ಮಾಲೀಕರ ಮೇಲೆ. ತಿಳಿಯದ ಹೆಸರಿಗೆ ಹೆಚ್ಚು ಬೆಲೆ ಬರುತ್ತದೆಂದು ಅವರಿಗೆ ಗೊತ್ತು. ಪೊಲೆಂಟಾ ಎಂಬ ತಿನಿಸಿದೆ. ಉತ್ತರ ಇಟಲಿಯ ಬಡ ರೈತರು ತಲೆತಲಾಂತರ ಉಂಡ ಗೋವಿನಜೋಳದ ಗಂಜಿ ಅದು, ನಮ್ಮ ಜೋಳದ ನುಚ್ಚಿನ ಅಕ್ಕ. ಅದನ್ನು ಅಚ್ಚು ಹಾಕಿ, ಮೇಲೊಂದು ಎಲೆ ಇಟ್ಟು ಕೊಟ್ಟಾಗ ಅದು ಶ್ರೀಮಂತರ ಊಟ. 'ಕಾಂಟಿನೆಂಟಲ್' ಎಂಬ ಮಾತಾದರೂ ಏನು? ಇಂಗ್ಲಿಷರು ಸಮುದ್ರದಾಚೆಯ ಯೂರೋಪಿಗೆ 'ಕಾಂಟಿನೆಂಟ್' ಎನ್ನುತ್ತಾರೆ. ಇಟಲಿಯವಳು ತನ್ನ ಅಡಿಗೆಗೆ ಆ ಹೆಸರು ಹೇಳುವುದಿಲ್ಲ, ನಾವು ಹೇಳುತ್ತೇವೆ.

ಮುಳ್ಳುಚಮಚದ ಹೆದರಿಕೆಯೂ ಅಂಥದೇ. ಟಾಮಸ್ ಕೊರಿಯಟ್ ಎಂಬ ಇಂಗ್ಲಿಷ್ ಪ್ರವಾಸಿ ಇಟಲಿಯಲ್ಲಿ ಅದನ್ನು ನೋಡಿ ಮೆಚ್ಚಿ, 1611ರಲ್ಲಿ ಪುಸ್ತಕದಲ್ಲಿ ಬರೆದ. ಅದನ್ನು ಬಳಸುತ್ತಾನೆಂದು ಸ್ವಂತ ಊರಿನವರೇ ಅವನನ್ನು ಗೇಲಿ ಮಾಡಿದರು. ಅದೇ ಮನುಷ್ಯ ಹಿಂದುಸ್ತಾನಕ್ಕೆ ಬಂದು 1617ರಲ್ಲಿ ಸೂರತ್ತಿನಲ್ಲಿ ತೀರಿಕೊಂಡ. ಇಂಗ್ಲಿಷರೇ ಆಗ ಇನ್ನೂ ಕೈಯಿಂದ ಉಣ್ಣುತ್ತಿದ್ದರು. ನಾನೂರು ವರ್ಷದ ಹಿಂದೆ ಅವರಿಗೇ ಬಾರದಿದ್ದುದು ನನ್ನ ವೈನಿಗೆ ಒಂದೇ ಸಂಜೆಯಲ್ಲಿ ಬರಲಿಲ್ಲವೆಂದರೆ ನಾಚಿಕೆ ಯಾಕೆ?

ಬಿಲ್ಲು ಆರು ಸಾವಿರ ಚಿಲ್ಲರೆ. ಅದರಲ್ಲಿ ಸರ್ವಿಸ್ ಚಾರ್ಜ್ ಎಂದು ಹತ್ತು ಪರ್ಸೆಂಟ್ ತಾವೇ ಸೇರಿಸಿದ್ದರು. ಅದು ಸರಕಾರದ ತೆರಿಗೆ ಎಂದು ತಿಳಿದು ಮಗಳು ಸುಮ್ಮನೆ ಕೊಟ್ಟಳು. ಗೆಳತಿಯರೇ, ಅದು ತೆರಿಗೆಯಲ್ಲ. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದನ್ನು ಬಿಲ್ಲಿಗೆ ತಾನಾಗಿ ಸೇರಿಸಕೂಡದೆಂದು ಹೇಳಿತು. ಹೋಟೆಲಿನವರ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟು ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಸಂಘಗಳು ಮೇಲ್ಮನವಿಗೂ ಹೋದವು. ನಿಮ್ಮ ಬಿಲ್ಲಿನಲ್ಲಿ ಕಂಡರೆ ತೆಗೆಯಲು ಹೇಳಿ. ತೆಗೆಯದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಸೇವೆ ಮೆಚ್ಚಿದರೆ ಹುಡುಗನ ಕೈಗೇ ಕೊಡಿ.

ಈಗ ಕಟ್ಟೆಯವರ ಪಾಲು.

1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಂಟಕಿ ಫ್ರೈಡ್ ಚಿಕನ್ ಅಂಗಡಿ ತೆರೆದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ ಅದನ್ನು ವಿರೋಧಿಸಿತು, 1996ರ ಜನವರಿಯಲ್ಲಿ ಅಲ್ಲಿಗೆ ನುಗ್ಗಿತು. ಆ ಹೋರಾಟಕ್ಕೆ ರೈತರ ಬದುಕಿನ ಕಾರಣಗಳಿದ್ದವು. ಕಟ್ಟೆಯ ಮೇಲೆ ನಕ್ಕವರಿಗೆ ಅಂಥ ಕಾರಣ ಏನೂ ಇಲ್ಲ. ಜಮಖಂಡಿ ಸೀಮೆಯಲ್ಲಿ ನೀರು ಬಂದಲ್ಲೆಲ್ಲ ಕಬ್ಬು ಹಚ್ಚಿ ಜೋಳವನ್ನು ಹಿಂದೆ ಸರಿಸಿದವರು ಅವರೇ. ಈಗ ರೊಟ್ಟಿಯ ಅಭಿಮಾನ ಹೇಳುವವರೂ ಅವರೇ. ಮನೆಯಲ್ಲಿ ರೊಟ್ಟಿ ಇತ್ತು, ಸರಿ. ಅದನ್ನು ಬಡಿದವರು ಯಾರು?

ವೈನಿ ದಿನಕ್ಕೆ ಕಡಿಮೆಯೆಂದರೂ ಮೂವತ್ತು ರೊಟ್ಟಿ ಬಡಿಯುತ್ತಾಳೆ. ಮದುವೆಯಾಗಿ ಆಗ ಇಪ್ಪತ್ತಾರು ವರ್ಷ. ಲೆಕ್ಕ ಹಾಕಿ ನೋಡಿದೆ, ಎರಡೂಮುಕ್ಕಾಲು ಲಕ್ಷ ದಾಟಿತು. ಇವುಗಳಲ್ಲಿ ತವೆಯಿಂದ ಇಳಿದ ಕೂಡಲೇ ಅವಳು ತಿಂದವು ಎಷ್ಟು? ಎಲ್ಲರ ಊಟವಾದ ಮೇಲೆ, ಬುಟ್ಟಿಯ ತಳದ ಆರಿದ ರೊಟ್ಟಿ, ಪಾತ್ರೆಗೆ ಅಂಟಿದ ಪಲ್ಲೆ, ಇದು ಅವಳ ಊಟ. ಖಾನಾವಳಿಯ ಹೊಗಳಿಕೆಯೂ ಹಾಗೆಯೇ. ಎಣಗಾಯಿ, ಜುಣಕ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಕೆನೆಮೊಸರು, ಬೇಕಾದಷ್ಟು ಬಿಸಿ ರೊಟ್ಟಿ, ಎಲ್ಲವೂ ನಿಜ. ಆದರೆ ಒಳಗೆ ಒಲೆಯ ಮುಂದೆ ಬೆವರುವವಳು ಹೆಂಗಸು, ಹೊರಗೆ "ಬಿಸೀದು ತಾ" ಎನ್ನುವವನು ಗಂಡಸು.

ಹೆಂಗಸರು ಹೋಟೆಲಿಗೆ ಹೋಗಲು ಆಸೆಪಡುವುದು ನಾಲಗೆಯ ಚಪಲಕ್ಕಲ್ಲ. ಒಂದು ಹೊತ್ತಾದರೂ ಕುಳಿತ ಕಡೆ ಬಿಸಿ ಊಟ ಬರಲಿ, ಬೇರೆಯವರು ಬಡಿಸಲಿ ಎಂಬುದಕ್ಕೆ. ಆ ಆಸೆಗೆ ನಗುವ ಹಕ್ಕು ಒಂದು ದಿನವೂ ಹೆಂಡತಿಗೆ ಬಡಿಸದವನಿಗೆ ಇಲ್ಲ. ಹೋಟೆಲಿನವರು ಆ ಆಸೆಯನ್ನು ದುಡ್ಡಿಗೆ ಕೊಂಡು, ಉತ್ತರ ಕೊಡದೆ ನಮ್ಮನ್ನು ನಾಚಿಸಿದರು. ಮನೆಯವರು ಆಸೆಯೇ ತಪ್ಪೆಂದು ನಾಚಿಸಿದರು.

ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೋಗಿ. ಕಾರ್ಡು ತಿಳಿಯದಿದ್ದರೆ ಒಂದೊಂದನ್ನೂ ಕೇಳಿ. ಎಣ್ಣೆ ಯಾವುದು, ಚೀಸ್ ಎಂಥದು, ಸಾರಿನ ನೀರು ಕೋಳಿಯದೋ ತರಕಾರಿಯದೋ, ಹೆಪ್ಪುಗಟ್ಟಿಸಿದ್ದು ಯಾವುದರಿಂದ. ಅವನಿಗೆ ತಿಳಿಯದಿದ್ದರೆ ಅಡಿಗೆಯವನನ್ನೇ ಕರೆಸಿ. ಬೆಂಗಳೂರಿನಲ್ಲಿ ಅಂಗಡಿ ಇಟ್ಟವರು ಕಾರ್ಡಿನಲ್ಲಿ ಕನ್ನಡದ ಎರಡು ಸಾಲು ಬರೆಸಲಿ, ಅದೇನೂ ದೊಡ್ಡ ಖರ್ಚಲ್ಲ. ಕೈಯಿಂದ ಉಣ್ಣಬೇಕೆನಿಸಿದರೆ ಕೈ ತೊಳೆದು ಉಣ್ಣಿ.

ಕಟ್ಟೆಯ ಮೇಲೆ ನಗೆಯಾಡಿದ ಆ ರಾತ್ರಿ ನಾನು ವೈನಿಯನ್ನು ಮಣೆಯ ಮೇಲೆ ಕೂಡ್ರಿಸಿ ಒಲೆಯ ಮುಂದೆ ಕುಳಿತೆ. ಮೊದಲ ರೊಟ್ಟಿ ಉಬ್ಬಿ ಬಂದಾಗ ಅವಳ ತಾಟಿಗೇ ಹಾಕಿ ಮೇಲೆ ಬೆಣ್ಣೆ ಇಟ್ಟೆ. "ಅವರದಿನ್ನೂ ಆಗಿಲ್ಲ" ಎಂದು ಏಳಲು ಹೋದಳು. ಅಣ್ಣ ಬಾಗಿಲಲ್ಲಿ ನಿಂತಿದ್ದ. ಹೋಟೆಲಿನಲ್ಲಿ ತನ್ನ ಬಟ್ಟಲು ಕೊನೆಗೆ ಬಂದದ್ದು ಅವನಿಗೆ ನೆನಪಾಯಿತೋ ಏನೋ, "ಉಣ್ಣಲಿ ಬಿಡು" ಎಂದು ತಾನೇ ನೀರಿನ ತಂಬಿಗೆ ತಂದು ಅವಳ ಮುಂದೆ ಇಟ್ಟ. ಅಷ್ಟನ್ನು ಮಾತ್ರ ಅವನು ಆ ಹೋಟೆಲಿನಿಂದ ಕಲಿತು ಬಂದಿದ್ದ. ರೊಟ್ಟಿ ಬಡಿಯುವುದು ಇನ್ನೂ ಬಂದಿಲ್ಲ.