ಭಾರ ಯಾವ ಕಾಲಿನ ಮೇಲಿದೆ?

ಚಿತ್ರ ಕಲಿಯುವವರು ಅರೆಬರೆ ಕೆಲಸವನ್ನು ನಾಲ್ಕು ಜನಕ್ಕೆ ತೋರಿಸಬೇಕೇ, ಮುಗಿಯುವ ತನಕ ಮುಚ್ಚಿಟ್ಟುಕೊಳ್ಳಬೇಕೇ? ಗುರುವಿನ ಎದುರೇ ಕೂತು ಕಲಿಯುವವರಿಗೆ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಆದರೆ ನರುಟೊ, ಲೂಫಿಯಂಥ ಜಪಾನಿ ಕಾಮಿಕ್ಸ್ ಪಾತ್ರಗಳನ್ನು ಬರೆಯುತ್ತ ತಾವಾಗಿಯೇ ಕಲಿಯುವ ಹುಡುಗ ಹುಡುಗಿಯರಿಗೆ ಸಿಗುವುದು ಗುರುವಲ್ಲ, ಅದೇ ಪಾತ್ರವನ್ನು ಮೆಚ್ಚುವ ಅಭಿಮಾನಿಗಳ ಬಳಗ. ಪೆನ್ಸಿಲ್ ಗೆರೆ ಇನ್ನೂ ಕಚ್ಚಾ ಇರುವಾಗಲೇ ಮೊಬೈಲಿನಲ್ಲಿ ಫೋಟೊ ತೆಗೆದು ಹಂಚುವುದು ಅವರಿಗೆ ಸಹಜ. ಇದರಿಂದ ಕೈ ಪಳಗುತ್ತದೆಯೇ? ಯಾವ ಹಂತದಲ್ಲಿ ತೋರಿಸುತ್ತೇವೆ, ನೋಡುವವರನ್ನು ಏನು ಕೇಳುತ್ತೇವೆ ಎಂಬುದರ ಮೇಲೆ ಅದು ನಿಂತಿದೆ ಎಂಬುದು ನನ್ನ ವಾದ.

ಮುಚ್ಚಿಡುವವರ ಪರವಾಗಿ ದೊಡ್ಡ ಸಾಕ್ಷಿಯೇ ಇದೆ. 1564ರಲ್ಲಿ ತೀರಿಕೊಳ್ಳುವ ಮುನ್ನ ಮೈಕೆಲೆಂಜೆಲೊ ತನ್ನ ರೇಖಾಚಿತ್ರಗಳನ್ನು ರಾಶಿಗಟ್ಟಲೆ ಸುಟ್ಟುಹಾಕಿದನೆಂದು ಅವನ ಜೀವನಚರಿತ್ರೆಕಾರ ವಸಾರಿ ಬರೆದಿದ್ದಾನೆ. ತಾನು ಪಟ್ಟ ಪಾಡು ಯಾರ ಕಣ್ಣಿಗೂ ಬೀಳಬಾರದೆಂಬ ಹಟ. ಆದರೆ ಬೆಂಕಿಗೆ ಸಿಗದ ಹಾಳೆಗಳೇ ಇವತ್ತಿನ ವಿದ್ಯಾರ್ಥಿಗಳಿಗೆ ಪಾಠ. ಸಿಸ್ಟೀನ್ ಪ್ರಾರ್ಥನಾಮಂದಿರದ ಛಾವಣಿಯ ಪ್ರವಾದಿನಿ ಲಿಬಿಯನ್ ಸಿಬಿಲ್‌ಗಾಗಿ ಅವನು ಕೆಂಪು ಸೀಮೆಸುಣ್ಣದಲ್ಲಿ ಬರೆದುಕೊಂಡ ಹಾಳೆಯೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಛಾವಣಿಯಲ್ಲಿರುವವಳು ಹೆಣ್ಣು, ಹಾಳೆಯಲ್ಲಿರುವುದು ಗಂಡಿನ ಮೈ. ತಿರುಚಿಕೊಂಡ ಬೆನ್ನಿನ ಒಂದೊಂದು ಸ್ನಾಯುವೂ ಅಲ್ಲಿ ಎದ್ದು ಕಾಣುತ್ತದೆ. ಪಕ್ಕದಲ್ಲಿ ಮುಖವನ್ನು ಇನ್ನೊಮ್ಮೆ ಬರೆದಿದ್ದಾನೆ. ಕೆಳಗೆ, ಎಡಪಾದದ ಬೆರಳುಗಳನ್ನೇ ಮತ್ತೆ ಮತ್ತೆ ತಿದ್ದಿ ನೋಡಿದ್ದಾನೆ. ಅಷ್ಟೆತ್ತರದ ಛಾವಣಿಯಲ್ಲಿ ಯಾರಿಗೂ ಸರಿಯಾಗಿ ಕಾಣದ ಹೆಬ್ಬೆರಳಿಗೆ ಇಷ್ಟೇಕೆ ತಲೆ ಕೆಡಿಸಿಕೊಂಡ? ತಿರುಗುತ್ತಿರುವ ಮೈಯ ಭಾರ ಇಳಿಯುವುದು ಅಲ್ಲಿಗೇ.

ಮನುಷ್ಯಾಕೃತಿ ಬರೆಯುವುದರ ಮುಕ್ಕಾಲು ಪಾಲು ಈ ಭಾರದ ಲೆಕ್ಕ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತರೆ ಆ ಕಡೆಯ ಸೊಂಟ ಮೇಲೇರುತ್ತದೆ, ಅದೇ ಕಡೆಯ ಭುಜ ಕೆಳಗಿಳಿಯುತ್ತದೆ. ಕುತ್ತಿಗೆಯ ಕುಳಿಯಿಂದ ತೂಗುಗುಂಡು ಇಳಿಬಿಟ್ಟರೆ ಅದು ಭಾರ ಹೊತ್ತ ಪಾದದ ಆಸುಪಾಸಿಗೇ ಬರುತ್ತದೆ. ಬೇಲೂರಿನ ಮದನಿಕೆಯರು ಮೈಯನ್ನು ಮೂರು ಕಡೆ ಬಳುಕಿಸಿಯೂ ಬೀಳುವಂತೆ ಕಾಣದಿರುವುದು ಈ ಲೆಕ್ಕ ತಪ್ಪದಿರುವುದರಿಂದ. 1941ರಲ್ಲಿ ಪ್ರಕಟವಾದ ಕೀಮನ್ ನಿಕೊಲೈಡೀಸ್‌ನ ಪಾಠಪುಸ್ತಕವೂ, ಮೈಯ ಅಂಚನ್ನು ಅಲ್ಲ, ಮೈ ಮಾಡುತ್ತಿರುವ ಕೆಲಸವನ್ನು ಹಿಡಿಯಿರಿ ಎಂದು ಗೆಸ್ಚರ್ ಎಂಬ ಕ್ಷಿಪ್ರ ರೇಖಾಭ್ಯಾಸವನ್ನು ಮುಂದಿಟ್ಟಿತು. ಅರ್ಧ ನಿಮಿಷ, ಒಂದು ನಿಮಿಷದ ಭಂಗಿಯಲ್ಲಿ ಕಣ್ಣು, ರೆಪ್ಪೆ ಬರೆಯಲು ಪುರುಸೊತ್ತಿರುವುದಿಲ್ಲ. ಸೊಂಟದ ಓರೆ, ಬೆನ್ನಿನ ಬಾಗು ಸಿಕ್ಕಿದರೆ ಅಷ್ಟೇ ಗಳಿಕೆ.

ಮೆಚ್ಚಿನ ಪಾತ್ರಗಳನ್ನು ಬರೆಯುವ ಫ್ಯಾನ್ ಆರ್ಟ್‌ನ ತೊಡಕು ಇಲ್ಲೇ ಶುರು. ಹಣೆಗೆ ಪಟ್ಟಿ, ಚೂಪು ಚೂಪಾದ ಹಳದಿ ಕೂದಲು, ಕೆನ್ನೆಗೆ ಮೂರು ಮೂರು ಗೆರೆ: ಇಷ್ಟಿದ್ದರೆ ಅದು ನರುಟೊ. ಕಾಲು ನೆಲಕ್ಕೇ ತಾಗದಿದ್ದರೂ ಅಭಿಮಾನಿ ಗುರುತಿಸುತ್ತಾನೆ, ನವಿಲುಗರಿ ಕೊಳಲು ಕಂಡೊಡನೆ ಕ್ಯಾಲೆಂಡರಿನ ಕೃಷ್ಣನನ್ನು ನಾವು ಗುರುತಿಸುವ ಹಾಗೆ. ಗುರುತು ಸಿಕ್ಕಿದ ಖುಷಿಯಲ್ಲಿ ‘ಬೆಂಕಿ ಗುರು’ ಎನ್ನುತ್ತಾನೆ. ಆ ಮೆಚ್ಚುಗೆ ಪಾತ್ರಕ್ಕೆ ಸಲ್ಲಬೇಕಾದದ್ದು. ಬರೆದವರು ಅದನ್ನು ತಮ್ಮ ಗೆರೆಯ ಲೆಕ್ಕಕ್ಕೆ ಬರೆದುಕೊಂಡುಬಿಡುತ್ತಾರೆ.

ಹಾಗಾದರೆ ಅಭಿಮಾನಿಗಳ ಮಾತು ದಂಡವೇ? ಗ್ರೀಕ್ ಚಿತ್ರಕಾರ ಅಪೆಲೀಸ್‌ನ ಬಗ್ಗೆ ರೋಮನ್ ಲೇಖಕ ಪ್ಲಿನಿ ಹೇಳುವ ಕಥೆಯೊಂದಿದೆ. ಅಪೆಲೀಸ್ ತನ್ನ ಚಿತ್ರವನ್ನು ದಾರಿಹೋಕರಿಗೆ ಕಾಣುವಂತೆ ಇಟ್ಟು, ಹಿಂದೆ ಅಡಗಿ ಮಾತು ಕೇಳಿಸಿಕೊಳ್ಳುತ್ತಿದ್ದ. ಚಪ್ಪಲಿ ಹೊಲಿಯುವವನೊಬ್ಬ ಚಿತ್ರದ ಪಾದರಕ್ಷೆಯಲ್ಲಿ ಕುಣಿಕೆ ಕಮ್ಮಿಯಾಗಿದೆ ಎಂದ, ಅಪೆಲೀಸ್ ತಿದ್ದಿದ. ಮರುದಿನ ಅವನೇ ಬಂದು ಕಾಲಿನ ಬಗ್ಗೆ ಮಾತೆತ್ತಿದಾಗ, ಚಪ್ಪಲಿಯಿಂದ ಮೇಲಿನದು ನಿನಗೆ ಬೇಡ ಎಂದು ಅಪೆಲೀಸ್ ಗದರಿದ. ತಿಳಿಯದ್ದರ ಬಗ್ಗೆ ಬಾಯಿ ಹಾಕಬಾರದು ಎಂಬ ನೀತಿಗೆ ಈ ಕಥೆಯನ್ನು ಬಳಸುತ್ತಾರೆ. ಆದರೆ ಕಾಲು ನಿಜಕ್ಕೂ ತಪ್ಪಾಗಿತ್ತೇ ಎಂಬುದನ್ನು ಕಥೆ ಹೇಳುವುದೇ ಇಲ್ಲ. ಚಪ್ಪಲಿ ಹೊಲಿಯುವವನಿಗೂ ಎರಡು ಕಾಲಿವೆ; ಹೇಗೆ ನಿಂತರೆ ಮೈ ವಾಲುತ್ತದೆಂದು ಅವನಿಗೂ ಗೊತ್ತು. ಅಭಿಮಾನಿಗೂ ಅಷ್ಟೇ. ‘ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ, ಅದಕ್ಕಿಂತ ಹೆಚ್ಚು ಬರಲಾರದು. ‘ಭಾರ ಯಾವ ಕಾಲಿನ ಮೇಲಿದೆ? ನೀವೇ ಹೀಗೆ ನಿಂತು ನೋಡಿ’ ಎಂದರೆ ಅಂಗರಚನಾಶಾಸ್ತ್ರ ಓದದವರೂ ‘ಬಲಗಾಲು ಇಲ್ಲಿಗೆ ಬರದಿದ್ದರೆ ಬಿದ್ದುಬಿಡುತ್ತೇನೆ’ ಎಂದು ತೋರಿಸಿಕೊಡುತ್ತಾರೆ.

ಇನ್ನು ಹಂತದ ಮಾತು. ‘ಇನ್ನೂ ಮುಗಿದಿಲ್ಲ’ ಎಂದು ಹಂಚುವ ಎಷ್ಟೋ ಚಿತ್ರಗಳಲ್ಲಿ ಕಣ್ಣಿನ ಹೊಳಪು, ಕೂದಲಿನ ನೆರಳು ಎಲ್ಲ ಮುಗಿದಿರುತ್ತವೆ. ಬಾಕಿ ಇರುವುದು ಸೊಂಟದ ಕೆಳಗೆ. ಅಂಥ ಚಿತ್ರ ಅಪೂರ್ಣವಾಗಿ ಕಂಡರೂ ಮನಸ್ಸಿನಲ್ಲಿ ಮುಗಿದುಹೋಗಿದೆ. ತಲೆ ದೊಡ್ಡದಾಯಿತೆಂದು ಯಾರಾದರೂ ಹೇಳಿದರೆ, ಗಂಟೆಗಟ್ಟಲೆ ಕೂತು ಬರೆದ ಮುಖವನ್ನು ಅಳಿಸಲು ಯಾರಿಗೆ ಮನಸ್ಸು ಬಂದೀತು? ಸಲಹೆ ಬೇಕಿದ್ದರೆ ನಾಲ್ಕಾರು ಗೆರೆಗಳ ಹಂತದಲ್ಲೇ ಕೇಳಬೇಕು. ಆಗ ಅಳಿಸಿದರೆ ಹೋಗುವುದು ಎರಡು ನಿಮಿಷದ ಕೆಲಸ.

ಬರಿಯ ಕಡ್ಡಿಗೊಂಬೆಯನ್ನು ಯಾರು ನೋಡುತ್ತಾರೆ, ಚಪ್ಪಾಳೆಯಿಲ್ಲದೆ ಹುಮ್ಮಸ್ಸು ಎಲ್ಲಿಂದ ಬರಬೇಕು ಎಂದು ಕೇಳಬಹುದು. ನ್ಯಾಯವಾದ ಮಾತೇ. ಪಾತ್ರದ ಮೇಲಿನ ಪ್ರೀತಿ ಸಣ್ಣದಲ್ಲ. ಟೋಕಿಯೊದಲ್ಲಿ 1975ರಲ್ಲಿ ಶುರುವಾದ ಕಾಮಿಕೆಟ್ ಎಂಬ ಕಾಮಿಕ್ಸ್ ಮೇಳ ಬೆಳೆದದ್ದು ಹವ್ಯಾಸಿಗಳು ತಾವೇ ಅಚ್ಚು ಹಾಕಿಸಿದ ಪುಸ್ತಕಗಳಿಂದ. ಕಾಮಿಕ್ಸ್ ಬರೆಯುವ ಹೆಸರಾಂತ ಕ್ಲ್ಯಾಂಪ್ ತಂಡವೂ ಮೊದಲು ಅಂಥ ಹವ್ಯಾಸಿಗಳ ಕೂಟವೇ. ಆದ್ದರಿಂದ ಚಪ್ಪಾಳೆ ಬೇಡವೆನ್ನುವುದಿಲ್ಲ. ಬಣ್ಣ ತುಂಬಿ ಮುಗಿಸಿದ್ದನ್ನು ಊರಿಗೆಲ್ಲ ತೋರಿಸಲಿ, ಮೆಚ್ಚುಗೆ ಧಾರಾಳವಾಗಿ ಪಡೆಯಲಿ. ಕಚ್ಚಾ ಗೆರೆಯನ್ನು ಮಾತ್ರ ತಪ್ಪು ಹೇಳಬಲ್ಲ ನಾಲ್ಕೈದು ಜನರ ಮುಂದಿಡಲಿ. ಅದಕ್ಕೂ ಮೊದಲು ಲಿಯೊನಾರ್ಡೊ ಹೇಳಿಕೊಟ್ಟಂತೆ ಚಿತ್ರವನ್ನು ಕನ್ನಡಿಯಲ್ಲಿ ನೋಡಿಕೊಂಡರೆ ಎಡಬಲದ ಓರೆಕೋರೆ ತಾನಾಗಿಯೇ ಕಾಣುತ್ತದೆ. ಅಷ್ಟಕ್ಕೆ ಇನ್ನೊಬ್ಬರನ್ನು ಕಾಡಬೇಕಿಲ್ಲ.

ತೋರಿಸಿದ್ದು ಕಲಿಕೆಗೆ ಒದಗಿತೇ ಎಂದು ತಿಳಿಯಲು ಬಂದ ಮೆಚ್ಚುಗೆಯನ್ನು ಎಣಿಸಿ ಉಪಯೋಗವಿಲ್ಲ. ಮೊದಲು ಹಂಚಿದ ಗೆರೆಯನ್ನೂ ಕೊನೆಗೆ ಮುಗಿದ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಒಂದು ಪಾದವಾದರೂ ಜಾಗ ಬದಲಿಸಿದ್ದರೆ ತೋರಿಸಿದ್ದು ಸಾರ್ಥಕ. ಏನೂ ಬದಲಾಗಿರದಿದ್ದರೆ, ಅದನ್ನು ಮುಗಿಸಿಯೇ ತೋರಿಸಬಹುದಿತ್ತು.