ಅರ್ಜಿಯೆಂಬ ಜರಡಿ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಐದನೆಯ ತರಗತಿಯ ಜಾಣ ಮಕ್ಕಳಿಗೆ ನವೋದಯ ವಿದ್ಯಾಲಯದ ಪ್ರವೇಶ ಪರೀಕ್ಷೆಯು ಮಹಾದ್ವಾರವೆನಿಸಿದೆ. ಎರಡು ಗಂಟೆಯ ಅವಧಿ, 80 ಪ್ರಶ್ನೆಗಳು. ಅವುಗಳಲ್ಲಿ 20 ಅಂಕಗಣಿತದವು. ಗೆದ್ದವರು ಬುದ್ಧಿವಂತರು, ಉಳಿದವರು ಸಾಮಾನ್ಯರು ಎಂದು ಲೋಕವು ನಿರ್ಣಯಿಸುವುದು. ಈ ನಿರ್ಣಯವು ನ್ಯಾಯವಾದುದಲ್ಲ. ಏಕೆಂದರೆ ಪ್ರಶ್ನಪತ್ರಿಕೆಗಿಂತ ಮೊದಲೇ ಅರ್ಜಿಯೆಂಬ ಜರಡಿಯೊಂದಿದೆ. ಅದರ ಸುದ್ದಿಯನ್ನರಿತು, ಹಣ ತೆತ್ತು ಪಾಠ ಹೇಳಿಸಬಲ್ಲ ತಂದೆಯ ಮಗು ಪರೀಕ್ಷೆಗೆ ಕೂಡುವುದು. ಕಬ್ಬು ಕಡಿಯಲು ಗುಳೆ ಹೋಗುವವರ ಮಗು, ಸಂತೆಯ ಲೆಕ್ಕವನ್ನು ಬಾಯಲ್ಲಿಯೇ ಬಿಡಿಸಬಲ್ಲುದಾದರೂ, ಪರೀಕ್ಷೆಯ ಹೊಸ್ತಿಲನ್ನೇ ಕಾಣದು.

“ಬಾಗಿಲು ತೆರೆದೇ ಇದೆ, ಬೇಕಾದವರು ಅರ್ಜಿ ಹಾಕಲಿ” ಎನ್ನುವರು. ಬಾಗಿಲಿರುವುದನ್ನೇ ಅರಿಯದವನಿಗೆ ಅದು ತೆರೆದಿದ್ದರೇನು, ಮುಚ್ಚಿದ್ದರೇನು? ತಂದೆಯು ಅರಿಯದುದಕ್ಕೆ ಹತ್ತು ವರ್ಷದ ಮಗು ದಂಡ ತೆರಬೇಕೇ?

ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಆ ಅರಸನ ರಾಜಧಾನಿಯಾದ ಮಾನ್ಯಖೇಟವು ಇದೇ ಜಿಲ್ಲೆಯ ಮಳಖೇಡ. ಅಂತಹ ನಾಡಿನಲ್ಲಿ ಇಂದು ಗಣಿತಬುದ್ಧಿಯನ್ನು ಹುಡುಕುವ ಕಣ್ಣಿಗೇ ಬರ ಬಂದಿದೆ.

ಆದುದರಿಂದ ಪ್ರತಿಯೊಂದು ಊರಿನ ಶಾಲೆಯಲ್ಲಿಯೂ ಐದನೆಯ ತರಗತಿಯ ಸಮಸ್ತ ಮಕ್ಕಳನ್ನು ಅರ್ಜಿಯಿಲ್ಲದೆಯೇ ಪರೀಕ್ಷಿಸಬೇಕು. ವರ್ಷವಿಡೀ ಮಗುವನ್ನು ನೋಡಿದ ಗುರುವಿನ ಮಾತಿಗೂ ಬೆಲೆಯಿರಬೇಕು. ಅಲ್ಲಿಯವರೆಗೆ ಇದು ಮನೆಯ ಅನುಕೂಲದ ಆಯ್ಕೆಯೇ ಹೊರತು ಬುದ್ಧಿಯ ಆಯ್ಕೆಯಾಗದು.