ಅರ್ಜಿಯಲ್ಲಿ ಹೊಗಳಿಕೆ ಬೇಡ, ಘಟನೆ ಇರಲಿ

ಮೈನ್‌ಕ್ರಾಫ್ಟ್ ಸರ್ವರ್ ಒಂದರ ಮಾಡರೇಟರ್ ಆಗಲು ನಾನು ಹಾಕಿದ ಮೊದಲ ಅರ್ಜಿ ತಿರಸ್ಕೃತವಾಯಿತು. ‘ಪ್ರಾಮಾಣಿಕ, ಶ್ರಮಜೀವಿ, ದಿನವಿಡೀ ಆನ್‌ಲೈನ್ ಇರುತ್ತೇನೆ’ ಎಂದು ಬರೆದಿದ್ದೆ. ಎಲ್ಲರೂ ಬರೆಯುವುದು ಅದನ್ನೇ.

ಎರಡನೇ ಬಾರಿ ನಡೆದದ್ದನ್ನು ಬರೆದೆ. ಆಟದಲ್ಲಿ ಒಬ್ಬ ಹುಡುಗ ಕಟ್ಟಿದ್ದ ಮನೆಯನ್ನು ಯಾರೋ ಒಡೆದಿದ್ದರು. ಅನುಮಾನ ನನ್ನ ಗೆಳೆಯನ ಮೇಲೆ. ಇಬ್ಬರ ಮಾತೂ ಕೇಳಿ, ಸ್ಕ್ರೀನ್‌ಶಾಟ್ ಸಮೇತ ಅಡ್ಮಿನ್‌ಗೆ ತಿಳಿಸಿದೆ. ಯಾರು, ಯಾವಾಗ ಒಡೆದರೆಂದು ದಾಖಲಿಸುವ ಕೋರ್‌ಪ್ರೊಟೆಕ್ಟ್‌ನಲ್ಲಿ ಗೆಳೆಯನ ಹೆಸರೇ ಸಿಕ್ಕಿತು. ಅವನು ತಿಂಗಳು ಮಾತು ಬಿಟ್ಟ. ಜೊತೆಗೆ, ‘ರಾತ್ರಿ 8ರಿಂದ 10 ಮಾತ್ರ ಇರಬಲ್ಲೆ, ಪರೀಕ್ಷೆ ವೇಳೆ ಅದೂ ಇಲ್ಲ’ ಎಂದೂ ಸೇರಿಸಿದೆ. ಆಯ್ಕೆಯಾದೆ.

ಸಂಬಳವಿಲ್ಲದ ಆ ಕೆಲಸ ಕಲಿಸಿದ್ದು ಇಂಟರ್ನ್‌ಶಿಪ್ ಅರ್ಜಿಗೂ ಸಲ್ಲುತ್ತದೆ. ಗೆಳೆಯರೇ, ನೀವು ಎಂಥವರೆಂದು ಹೇಳಬೇಡಿ. ಏನು ಮಾಡಿದಿರಿ ಎಂದು ಬರೆಯಿರಿ.